ಸ್ಪ್ಯಾನಿಷ್ ಜಾಹೀರಾತು ಪದಗಳನ್ನು ಇಂಗ್ಲಿಷಿಗೆ ತರುವಾಗ ನಿಘಂಟು ಕೈಕೊಡುವ ಜಾಗಗಳು

ಹೊಸಕರಡು

ಎಲ್ಲರಿಗೂ ನಮಸ್ಕಾರ. ನಾನು ಸ್ಪ್ಯಾನಿಷ್‌ನಿಂದ ಇಂಗ್ಲಿಷಿಗೆ ಅನುವಾದ ಮಾಡುತ್ತೇನೆ. ಇಲ್ಲಿಯವರೆಗೆ ಯಂತ್ರಗಳ ಕೈಪಿಡಿ, ಪ್ರಮಾಣಪತ್ರ ಇಂಥವೇ ಜಾಸ್ತಿ. ಈಗ ಸ್ಪೇನಿನ ಒಂದು ಕಂಪನಿಯ ಮಾರ್ಕೆಟಿಂಗ್ ಪ್ಲಾನ್ ಬಂದಿದೆ. ಜೊತೆಗೆ ಒಂದು ಬಹುಮಾನ ಯೋಜನೆಯ ನಿಯಮಗಳು ಮತ್ತು ಒಂದಷ್ಟು ಜಾಹೀರಾತು ಸಾಲುಗಳು.

ಪದಗಳೆಲ್ಲ ಗೊತ್ತಿರುವಂತೆಯೇ ಕಾಣುತ್ತವೆ. ತೊಂದರೆ ಇರುವುದೇ ಅಲ್ಲಿ. ‘ಪುಬ್ಲಿಸಿದಾದ್’ ಕಂಡರೆ ಪಬ್ಲಿಸಿಟಿ, ‘ಕೊಬೆರ್ತುರಾ’ ಕಂಡರೆ ಕವರೇಜ್, ‘ನೊತೊರಿಯೆದಾದ್’ ಕಂಡರೆ ನೊಟೊರೈಟಿ ಅಂತ ಕೈ ತಾನಾಗಿಯೇ ಟೈಪ್ ಮಾಡಲು ಹೊರಡುತ್ತದೆ. ಓದಿ ನೋಡಿದರೆ ಇಂಗ್ಲಿಷ್ ಓದಿದ ಹಾಗೇ ಇರುವುದಿಲ್ಲ. ಈ ಕ್ಷೇತ್ರದಲ್ಲಿ ಪಳಗಿದವರು ಎಲ್ಲಿಂದ ಶುರು ಮಾಡುತ್ತೀರಿ?

ಮೀಡಿಯಾಪ್ಲಾನ್

ಪದವನ್ನು ಬದಿಗಿಟ್ಟು, ಆ ಪದ ಆಡುವ ಜನರಿಂದ ಶುರು ಮಾಡಿ. ಮ್ಯಾಡ್ರಿಡ್‌ನಲ್ಲಿ ಈ ಪ್ಲಾನ್ ಬರೆದವರು ಮಾಡುವ ಕೆಲಸವನ್ನೇ ಲಂಡನ್ನಿನಲ್ಲಿ, ನ್ಯೂಯಾರ್ಕಿನಲ್ಲಿ ಮಾಡುವವರೂ ಇದ್ದಾರೆ. ಅವರು ಆಫೀಸಿನಲ್ಲಿ ದಿನಾ ಏನೆನ್ನುತ್ತಾರೋ ಅದೇ ನಿಮ್ಮ ಪದ.

ನಿಮ್ಮ ಮೂರು ಪದಗಳನ್ನೇ ತೆಗೆದುಕೊಳ್ಳಿ. ‘ಪುಬ್ಲಿಸಿದಾದ್’ ಅಂದರೆ ಅಡ್ವರ್ಟೈಸಿಂಗ್. ದುಡ್ಡು ಕೊಟ್ಟು ಹಾಕಿಸುವಂಥದ್ದು. ಇಂಗ್ಲಿಷಿನ ಪಬ್ಲಿಸಿಟಿ ಬೇರೆ: ಪತ್ರಿಕೆಗಳು ತಾವಾಗಿಯೇ ಬರೆದು ಸಿಗುವ ಪ್ರಚಾರ. ಇವೆರಡೂ ಅದಲುಬದಲಾದರೆ ಜಾಹೀರಾತಿನ ಬಜೆಟ್ ಪಿಆರ್ (ಸಾರ್ವಜನಿಕ ಸಂಪರ್ಕ) ವಿಭಾಗದ ಬಜೆಟ್ ಥರ ಕಾಣುತ್ತದೆ.

‘ಕೊಬೆರ್ತುರಾ’ ಮೀಡಿಯಾ ಪ್ಲಾನಿನಲ್ಲಿ (ಯಾವ ಮಾಧ್ಯಮದಲ್ಲಿ ಎಷ್ಟು ಜಾಹೀರಾತು ಅನ್ನುವ ಯೋಜನೆ) ಬಂದರೆ ರೀಚ್. ಒಂದು ಸಲವಾದರೂ ಜಾಹೀರಾತು ನೋಡಿದವರು ಎಷ್ಟು ಜನ ಅನ್ನುವ ಲೆಕ್ಕ. ಪಕ್ಕದಲ್ಲಿ ‘ಫ್ರೆಕುಯೆನ್ಸಿಯಾ’ ಇದ್ದೇ ಇರುತ್ತದೆ, ಅದು ಫ್ರೀಕ್ವೆನ್ಸಿ, ಒಬ್ಬೊಬ್ಬರು ಸರಾಸರಿ ಎಷ್ಟು ಸಲ ನೋಡಿದರು ಅನ್ನುವುದು. ರೀಚನ್ನು ಶೇಕಡಾದಲ್ಲಿ ಹಿಡಿದು ಇವೆರಡನ್ನೂ ಗುಣಿಸಿದರೆ ಜಿಆರ್‌ಪಿ. ಆ ಮೂರಕ್ಷರ ಎರಡೂ ಭಾಷೆಯಲ್ಲಿ ಒಂದೇ, ಮುಟ್ಟಬೇಡಿ. ಆದರೆ ಅದೇ ‘ಕೊಬೆರ್ತುರಾ’ ಪಿಆರ್ ವರದಿಯಲ್ಲಿ ಬಂದರೆ ಆಗ ನಿಜಕ್ಕೂ ಕವರೇಜ್. ಪದ ಒಂದೇ, ಅದು ಬರುವ ವರದಿ ಬೇರೆ.

‘ನೊತೊರಿಯೆದಾದ್ ದೆ ಮಾರ್ಕಾ’ ಅಂದರೆ ಬ್ರ್ಯಾಂಡ್ ಅವೇರ್ನೆಸ್. ಇಂಗ್ಲಿಷಿನಲ್ಲಿ ನೊಟೊರಿಯಸ್ ಅಂದರೆ ಕೆಟ್ಟ ಹೆಸರು ಮಾಡಿದವನು. ಗ್ರಾಹಕರ ಬ್ರ್ಯಾಂಡಿಗೆ ಆ ಬಿರುದು ಕೊಟ್ಟರೆ ಮುಂದೆ ಕೆಲಸ ಬರುವುದಿಲ್ಲ. ‘ಎಸ್ಪೊಂತಾನೆಯಾ’ (ಸುಳಿವಿಲ್ಲದೆ ನೆನಪಾದದ್ದು) ಇದ್ದರೆ ಸ್ಪಾಂಟೇನಿಯಸ್ ಅಥವಾ ಅನ್‌ಏಡೆಡ್, ‘ಸುಹೆರಿದಾ’ (ಹೆಸರು ಹೇಳಿ ಕೇಳಿದಾಗ ನೆನಪಾದದ್ದು) ಇದ್ದರೆ ಪ್ರಾಂಪ್ಟೆಡ್ ಅಥವಾ ಏಡೆಡ್. ಸಜೆಸ್ಟೆಡ್ ಅಂತ ಯಾವ ಮಾರುಕಟ್ಟೆ ಸಂಶೋಧಕರೂ ಹೇಳುವುದಿಲ್ಲ.

ಕಡತಪ್ರಿಯ

ಮೇಲಿನ ಮಾತು ನೂರಕ್ಕೆ ನೂರು ಸರಿ. ಅದಕ್ಕೆ ನನ್ನದೊಂದು ಸೇರಿಸುತ್ತೇನೆ. ಇಂಗ್ಲಿಷ್ ಥರವೇ ಕಾಣುವ ಸ್ಪ್ಯಾನಿಷ್ ಪದಗಳಿಗಿಂತ, ಸ್ಪೇನಿನವರು ಇಂಗ್ಲಿಷಿನಿಂದಲೇ ತೆಗೆದುಕೊಂಡು ತಮ್ಮದೇ ಅರ್ಥ ಕೊಟ್ಟ ಪದಗಳು ಜಾಸ್ತಿ ಅಪಾಯ. ಅವನ್ನು ನೋಡಿದರೆ ಅನುವಾದವೇ ಬೇಡ ಅನ್ನಿಸುತ್ತದೆ, ಹಾಗೇ ಬಿಟ್ಟುಬಿಡುತ್ತೇವೆ.

‘ಬ್ರೀಫಿಂಗ್’ ನೋಡಿ. ಸ್ಪೇನಿನ ಏಜೆನ್ಸಿಯಲ್ಲಿ ಗ್ರಾಹಕರು ಕಳಿಸುವ ಕಾಗದ ಅದು. ಇಂಗ್ಲಿಷಿನಲ್ಲಿ ಆ ಕಾಗದಕ್ಕೆ ಬ್ರೀಫ್ ಅನ್ನುತ್ತಾರೆ, ಬ್ರೀಫಿಂಗ್ ಅಂದರೆ ಕೂತು ವಿವರಿಸುವ ಸಭೆ. ‘ಕಾಪಿ’ ಅಂದರೆ ಅಲ್ಲಿ ಜಾಹೀರಾತಿನ ಪಠ್ಯವೂ ಹೌದು, ಅದನ್ನು ಬರೆಯುವ ವ್ಯಕ್ತಿಯೂ ಹೌದು. ‘ನಮ್ಮ ತಂಡದಲ್ಲಿ ಇಬ್ಬರು ಕಾಪಿಗಳಿದ್ದಾರೆ’ ಅಂತ ಬಂದರೆ ಇಬ್ಬರು ಕಾಪಿರೈಟರ್‌ಗಳು.

ಎಲ್ಲಕ್ಕಿಂತ ದೊಡ್ಡ ಗುಂಡಿ ‘ಕ್ಲೇಮ್’. ಸ್ಪೇನಿನಲ್ಲಿ ‘ಎಲ್ ಕ್ಲೇಮ್ ದೆ ಲಾ ಕಾಂಪಾನ್ಯಾ’ ಅಂದರೆ ಆ ಪ್ರಚಾರದ ಘೋಷವಾಕ್ಯ. ಇಂಗ್ಲಿಷಿನಲ್ಲಿ ಸ್ಲೋಗನ್ ಅಥವಾ ಟ್ಯಾಗ್‌ಲೈನ್. ಇಂಗ್ಲಿಷ್ ಜಾಹೀರಾತು ಲೋಕದಲ್ಲಿ ಕ್ಲೇಮ್ ಅಂದರೆ ‘ಕಲೆ ಒಂದೇ ತೊಳೆತಕ್ಕೆ ಹೋಗುತ್ತದೆ’ ಎನ್ನುವಂಥ, ಸಾಬೀತು ಮಾಡಬೇಕಾದ ಹೇಳಿಕೆ. ಬ್ರಿಟನ್ನಿನ ಜಾಹೀರಾತು ನಿಯಮಾವಳಿ ಪ್ರಕಾರ ಅಂಥ ಹೇಳಿಕೆಗೆ ಲಿಖಿತ ಪುರಾವೆಯನ್ನು ಜಾಹೀರಾತು ಬರುವ ಮೊದಲೇ ಕೈಯಲ್ಲಿ ಇಟ್ಟುಕೊಂಡಿರಬೇಕು. ಹಾಗಾಗಿ ‘ಹೊಸ ಕ್ಲೇಮ್ ಅನ್ನು ಜನ ಇಷ್ಟಪಟ್ಟಿದ್ದಾರೆ’ ಅಂತ ಅನುವಾದ ಹೋದರೆ, ಅಲ್ಲಿನ ವಕೀಲರು ‘ಪುರಾವೆ ಎಲ್ಲಿ’ ಅಂತ ಕೇಳಿಯೇ ಕೇಳುತ್ತಾರೆ. ಅದು ನಾಲ್ಕು ಪದದ ಚಂದದ ಸಾಲು ಅಷ್ಟೇ ಅಲ್ವಾ?

ಹೊಸಕರಡು

ಕ್ಲೇಮ್ ನನ್ನ ಕಡತದಲ್ಲಿ ಬಹಳ ಕಡೆ ಇದೆ, ಈಗಲೇ ಗುರುತು ಹಾಕಿಕೊಂಡೆ. ಇನ್ನೂ ಕೆಲವು ಇವೆ. ‘ಮಾರ್ಕಾ ಬ್ಲಾಂಕಾ’, ‘ಗ್ರಾನ್ ಕೊನ್ಸುಮೊ’, ‘ದಿನಾಮಿಕಾ ದೆ ಗ್ರೂಪೊ’, ‘ಪೋಸಿಸಿಯೊನಾಮಿಯೆಂತೊ’, ‘ರಾಪೆಲ್’. ಕೊನೆಯದಂತೂ ನಿಘಂಟಿನಲ್ಲಿ ಹಗ್ಗ ಹಿಡಿದು ಬೆಟ್ಟ ಇಳಿಯುವುದು ಅಂತ ತೋರಿಸುತ್ತಿದೆ.

ಅಂಗಡಿಸಾಲು

ಅಂಗಡಿ ಕಡೆಯ ಪದಗಳು ನನ್ನ ದಿನದ ಕೆಲಸ, ಅವನ್ನು ನಾನು ಹೇಳುತ್ತೇನೆ.

‘ಮಾರ್ಕಾ ಬ್ಲಾಂಕಾ’ ಅಂದರೆ ಸೂಪರ್‌ಮಾರ್ಕೆಟ್ ತನ್ನ ಹೆಸರಿನಲ್ಲೇ ಮಾರುವ ಸರಕು. ಬ್ರಿಟನ್ನಿಗೆ ಓನ್ ಲೇಬಲ್ ಅಥವಾ ಓನ್ ಬ್ರ್ಯಾಂಡ್, ಅಮೆರಿಕಕ್ಕೆ ಪ್ರೈವೇಟ್ ಲೇಬಲ್ ಅಥವಾ ಸ್ಟೋರ್ ಬ್ರ್ಯಾಂಡ್. ವೈಟ್ ಲೇಬಲ್ ಅಂತ ಮಾತ್ರ ಬರೆಯಬೇಡಿ. ಇಂಗ್ಲಿಷಿನಲ್ಲಿ ಅದು ಒಬ್ಬರು ತಯಾರಿಸಿದ್ದನ್ನು ಹಲವರು ತಮ್ಮ ತಮ್ಮ ಹೆಸರು ಹಚ್ಚಿ ಮಾರುವ ವ್ಯವಸ್ಥೆ. ವರದಿಗಳಲ್ಲಿ ಇನ್ನೂ ಗಂಭೀರವಾಗಿ ಹೇಳಲು ‘ಮಾರ್ಕಾ ದೆ ದಿಸ್ತ್ರಿಬುಯಿದೋರ್’ ಅಂತಾರೆ. ಅಲ್ಲಿನ ‘ದಿಸ್ತ್ರಿಬುಯಿದೋರ್’ ಚಿಲ್ಲರೆ ಮಾರಾಟ ಸರಪಳಿ, ಡಿಸ್ಟ್ರಿಬ್ಯೂಟರ್ ಅಲ್ಲ. ‘ಗ್ರಾನ್ ದಿಸ್ತ್ರಿಬುಸಿಯೋನ್’ ಕೂಡ ಹಾಗೇ: ದೊಡ್ಡ ರೀಟೇಲರ್‌ಗಳು.

‘ಗ್ರಾನ್ ಕೊನ್ಸುಮೊ’, ಅಂದರೆ ಬೇಗ ಖರ್ಚಾಗುವ ದಿನಬಳಕೆಯ ಸರಕು, ಬ್ರಿಟನ್ನಿನಲ್ಲಿ ಎಫ್‌ಎಂಸಿಜಿ, ಅಮೆರಿಕದಲ್ಲಿ ಸಿಪಿಜಿ. ‘ಲಿನೆಯಾಲ್’ ಬಂದರೆ ಶೆಲ್ಫ್. ‘ಕಾಬೆಸೆರಾ ದೆ ಗೊಂದೊಲಾ’ ಶೆಲ್ಫ್ ಸಾಲಿನ ತುದಿಯ ಜಾಗ, ಇಂಗ್ಲಿಷಿನಲ್ಲಿ ಗೊಂಡೊಲಾ ಎಂಡ್ ಅಥವಾ ಎಂಡ್‌ಕ್ಯಾಪ್. ‘ಪ್ರೊದುಕ್ತೊ ಗಾಂಚೊ’ ಕೊಕ್ಕೆ ಹಾಕಿ ಗಿರಾಕಿಯನ್ನು ಎಳೆಯುವ ಸರಕು. ನಷ್ಟಕ್ಕೇ ಮಾರುತ್ತಿದ್ದರೆ ಲಾಸ್ ಲೀಡರ್.

‘ರಾಪೆಲ್’ ಒಪ್ಪಂದದಲ್ಲಿ ಬಂದಿದೆಯೇ? ಹಾಗಿದ್ದರೆ ಅದು ವಾಲ್ಯೂಮ್ ರಿಬೇಟ್. ವರ್ಷದಲ್ಲಿ ಇಷ್ಟು ಖರೀದಿ ಮುಟ್ಟಿದರೆ ಆಮೇಲೆ ವಾಪಸ್ ಕೊಡುವ ದುಡ್ಡು. ಡಿಸ್ಕೌಂಟ್ ಅಂದರೆ ಬಿಲ್ಲಿನಲ್ಲೇ ಕಡಿಮೆ ಮಾಡಿದಂತೆ ಓದಿಸುತ್ತದೆ, ಹಾಗಾಗಿ ರಿಬೇಟ್ ಅನ್ನೇ ಹಿಡಿಯಿರಿ. ಮೀಡಿಯಾ ಕೊಳ್ಳುವ ಏಜೆನ್ಸಿಗೆ ಚಾನೆಲ್‌ಗಳು ಕೊಡುವಂಥದ್ದಾದರೆ ಏಜೆನ್ಸಿ ವಾಲ್ಯೂಮ್ ಬೋನಸ್. ಅದು ಯಾರಿಗೆ ಸೇರಬೇಕು, ಜಾಹೀರಾತುದಾರರಿಗೋ ಏಜೆನ್ಸಿಗೋ ಅನ್ನುವುದೇ ದೊಡ್ಡ ಜಗಳ. ಆ ಸಾಲನ್ನು ಎರಡು ಸಲ ಓದಿ.

ಮೀಡಿಯಾಪ್ಲಾನ್

ಉಳಿದೆರಡು ನನಗಿರಲಿ. ‘ದಿನಾಮಿಕಾ ದೆ ಗ್ರೂಪೊ’ ಸ್ಪೇನಿನ ಸಂಶೋಧನಾ ವರದಿಯಲ್ಲಿ ಫೋಕಸ್ ಗ್ರೂಪ್, ಆಯ್ದ ಕೆಲವರನ್ನು ಕೂರಿಸಿ ಅಭಿಪ್ರಾಯ ಕೇಳುವ ಸಭೆ. ಗ್ರೂಪ್ ಡೈನಮಿಕ್ಸ್ ಅಂದರೆ ಮನಶ್ಶಾಸ್ತ್ರದ ಪಾಠ ಆಗಿಬಿಡುತ್ತದೆ. ‘ಪೋಸಿಸಿಯೊನಾಮಿಯೆಂತೊ’ ಬ್ರ್ಯಾಂಡಿನ ಬಗ್ಗೆ ಇದ್ದರೆ ಪೊಸಿಷನಿಂಗ್, ಗ್ರಾಹಕರ ಮನಸ್ಸಿನಲ್ಲಿ ಬ್ರ್ಯಾಂಡಿಗೆ ಇರುವ ಜಾಗ. ‘ಪೋಸಿಸಿಯೊನಾಮಿಯೆಂತೊ ವೆಬ್’ (ಹುಡುಕಾಟದ ಫಲಿತಾಂಶದಲ್ಲಿ ವೆಬ್‌ಸೈಟ್ ಮೇಲೆ ಕಾಣಿಸುವಂತೆ ಮಾಡುವುದು) ಇದ್ದರೆ ಎಸ್‌ಇಒ ಅಥವಾ ಸರ್ಚ್ ರ‍್ಯಾಂಕಿಂಗ್. ಒಂದೇ ಪುಟದಲ್ಲಿ ಎರಡೂ ಬರುತ್ತವೆ. ಟ್ರಾನ್ಸ್‌ಲೇಶನ್ ಮೆಮೊರಿ (ಹಳೆಯ ಅನುವಾದಗಳನ್ನು ನೆನಪಿಟ್ಟು ಸೂಚಿಸುವ ತಂತ್ರಾಂಶ) ಎರಡಕ್ಕೂ ಒಂದೇ ಉತ್ತರ ಕೊಡುತ್ತದೆ, ನಂಬಬೇಡಿ.

ಪತ್ರಿಕೆಗಳ ಟೇಬಲ್ ಇದೆಯೇ ನೋಡಿ. ‘ತಿರಾದಾ’, ‘ದಿಫುಸಿಯೋನ್’, ‘ಔದಿಯೆನ್ಸಿಯಾ’ ಅಂತ ಮೂರು ಕಾಲಂ ಇರುತ್ತವೆ. ‘ತಿರಾದಾ’ ಎಷ್ಟು ಪ್ರತಿ ಅಚ್ಚಾಯಿತು: ಪ್ರಿಂಟ್ ರನ್. ‘ದಿಫುಸಿಯೋನ್’ ಅದರಲ್ಲಿ ಓದುಗರ ಕೈಗೆ ಹೋಗಿದ್ದೆಷ್ಟು: ಸರ್ಕ್ಯುಲೇಶನ್. ಸ್ಪೇನಿನಲ್ಲಿ ಒಜೆಡಿ ಅನ್ನುವ ಸಂಸ್ಥೆ ಲೆಕ್ಕ ಹಾಕುವುದು ಇದನ್ನೇ. ‘ಔದಿಯೆನ್ಸಿಯಾ’ ಎಷ್ಟು ಜನ ಓದಿದರು: ರೀಡರ್‌ಶಿಪ್. ಒಂದು ಪ್ರತಿಯನ್ನು ಮನೆಮಂದಿಯೆಲ್ಲ ಓದಿದರೆ ಮೂರನೆಯ ಅಂಕಿ ಎರಡನೆಯದಕ್ಕಿಂತ ದೊಡ್ಡದು. ಮೊದಲ ಎರಡು ಕಾಲಮ್ಮಿಗೂ ಸರ್ಕ್ಯುಲೇಶನ್ ಅಂತಲೇ ಹಾಕಿದ ಅನುವಾದಗಳು ನನ್ನ ಮೇಜಿಗೆ ಬಂದಿವೆ. ಅಂಥ ಟೇಬಲ್ ನೋಡಿ ಜಾಹೀರಾತುದಾರರು ಮಾರಾಟವಾಗದೆ ಉಳಿದ ಪ್ರತಿಗಳಿಗೂ ದುಡ್ಡು ಕೊಡುತ್ತಾರೆ.

ಹಾಗೆಯೇ ‘ಇನ್ವೆರ್ಸಿಯೋನ್ ಪುಬ್ಲಿಸಿತಾರಿಯಾ’ ಇನ್ವೆಸ್ಟ್‌ಮೆಂಟ್ ಆಗಬೇಕಿಲ್ಲ. ಆಡ್ ಸ್ಪೆಂಡ್ ಸಾಕು. ಅದರ ಪಕ್ಕದ ಅಂಕಿಯ ಮೇಲೆ ಕಣ್ಣಿಡಿ. ಸ್ಪೇನಿನಲ್ಲಿ ಸಾವಿರಕ್ಕೆ ಚುಕ್ಕಿ, ದಶಮಾಂಶಕ್ಕೆ ಅಲ್ಪವಿರಾಮ. ‘5.000 ಮಿಯೋನೆಸ್’ ಅಂದರೆ 5 ಬಿಲಿಯನ್. ಸ್ಪ್ಯಾನಿಷ್‌ನ ‘ಬಿಯೋನ್’ ಇಂಗ್ಲಿಷಿನ ಟ್ರಿಲಿಯನ್. ಮೆಕ್ಸಿಕೊದಲ್ಲಿ ಚುಕ್ಕಿ ಮತ್ತು ಅಲ್ಪವಿರಾಮದ ಜಾಗ ಇಂಗ್ಲಿಷಿನ ಥರವೇ ಇದೆ. ಆದ್ದರಿಂದ ಮೊದಲು ದೇಶ ನೋಡಿ, ಆಮೇಲೆ ಅಂಕಿ.

ದಕ್ಷಿಣದಿಕ್ಕು

ದೇಶದ ಮಾತು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿಯವರೆಗೆ ಎಲ್ಲರೂ ಸ್ಪೇನಿನ ಬಗ್ಗೆಯೇ ಹೇಳಿದಿರಿ. ಲ್ಯಾಟಿನ್ ಅಮೆರಿಕದ ಕಡತ ಬಂದರೆ ಅರ್ಧ ಪದಕೋಶ ಬದಲಾಗುತ್ತದೆ.

ಮಾರ್ಕೆಟಿಂಗ್‌ಗೆ ಸ್ಪೇನ್, ಅರ್ಜೆಂಟೀನಾದಲ್ಲಿ ‘ಮಾರ್ಕೆತಿಂಗ್’ ಅಂತಲೇ ನಡೆಯುತ್ತದೆ. ಮೆಕ್ಸಿಕೊದಲ್ಲಿ ‘ಮೆರ್ಕಾದೊತೆಕ್ನಿಯಾ’, ಕೊಲಂಬಿಯಾದಲ್ಲಿ ‘ಮೆರ್ಕಾದೆಯೊ’. ಮೂರಕ್ಕೂ ಇಂಗ್ಲಿಷ್ ಒಂದೇ, ಅದು ಸುಲಭ. ಕಷ್ಟ ಇರುವುದು ‘ಕೊಮೆರ್ಸಿಯಾಲ್’ ಅನ್ನುವ ಪದದಲ್ಲಿ. ಮೆಕ್ಸಿಕೊದಲ್ಲಿ ‘ಉನ್ ಕೊಮೆರ್ಸಿಯಾಲ್’ ಅಂದರೆ ಟಿವಿ ಜಾಹೀರಾತು. ಸ್ಪೇನಿನಲ್ಲಿ ಅದೇ ಮಾತು ಸೇಲ್ಸ್ ಕೆಲಸ ಮಾಡುವ ವ್ಯಕ್ತಿ. ‘ದಿರೆಕ್ತೋರ್ ಕೊಮೆರ್ಸಿಯಾಲ್’ ಸೇಲ್ಸ್ ಡೈರೆಕ್ಟರ್. ಸ್ಪೇನಿನವರು ಟಿವಿ ಜಾಹೀರಾತಿಗೆ ‘ಸ್ಪಾಟ್’ ಅನ್ನುತ್ತಾರೆ, ರೇಡಿಯೊದ್ದಕ್ಕೆ ‘ಕೂನ್ಯಾ’. ಅರ್ಜೆಂಟೀನಾದಲ್ಲಿ ಕಾರ್ಯಕ್ರಮದ ನಡುವೆ ಬರುವ ಜಾಹೀರಾತುಗಳ ಗುಂಪಿಗೆ ‘ತಾಂದಾ’ ಅಂತ ಹೆಸರು, ಇಂಗ್ಲಿಷಿನಲ್ಲಿ ಆಡ್ ಬ್ರೇಕ್.

‘ಪ್ರೊಪಗಾಂದಾ’ ಕಂಡರೆ ಬೆಚ್ಚಬೇಡಿ. ದಕ್ಷಿಣ ಅಮೆರಿಕದ ಎಷ್ಟೋ ಕಡೆ ಅದು ಸುಮ್ನೆ ಜಾಹೀರಾತು. ಸ್ಪೇನಿನಲ್ಲೂ ಅಂಚೆಪೆಟ್ಟಿಗೆಗೆ ತುರುಕುವ ಚೀಟಿಗಳಿಗೆ ಹಾಗೇ ಅನ್ನುತ್ತಾರೆ. ಆ ತುರುಕುವ ಕೆಲಸ ‘ಬುಸೊನೆಯೊ’. ಬ್ರಿಟನ್ನಿಗೆ ಲೀಫ್‌ಲೆಟ್ ಡ್ರಾಪ್ ಅಥವಾ ಡೋರ್ ಡ್ರಾಪ್.

ಬೀದಿ ಬದಿಯ ದೊಡ್ಡ ಫಲಕ ಸ್ಪೇನಿನಲ್ಲಿ ‘ವಾಯಾ’, ಮೆಕ್ಸಿಕೊದಲ್ಲಿ ‘ಎಸ್ಪೆಕ್ತಾಕುಲಾರ್’. ಎರಡೂ ಬಿಲ್‌ಬೋರ್ಡ್, ಬ್ರಿಟನ್ನಿನಲ್ಲಿ ಹೋರ್ಡಿಂಗ್ ಅಂತಲೂ ಉಂಟು. ‘20 ಎಸ್ಪೆಕ್ತಾಕುಲಾರೆಸ್ ಹಾಕಿದೆವು’ ಅನ್ನುವುದನ್ನು ‘20 ಅದ್ಭುತಗಳು’ ಅಂತ ಓದಿಕೊಂಡರೆ ಇಡೀ ಪ್ಯಾರಾ ತಲೆಕೆಳಗಾಗುತ್ತದೆ. ‘ಮುಪಿ’ ಸ್ಪೇನಿನ ಫುಟ್‌ಪಾತಿನಲ್ಲಿ ನಿಲ್ಲಿಸುವ, ಒಳಗೆ ದೀಪ ಇರುವ ಎತ್ತರದ ಫಲಕ. ಹೆಸರು ಫ್ರೆಂಚ್‌ನಿಂದ ಬಂದದ್ದು. ಬ್ರಿಟನ್ನಿನಲ್ಲಿ ಹತ್ತಿರದ್ದು ಸಿಕ್ಸ್ ಶೀಟ್, 1200 ಮಿ.ಮೀ. ಅಗಲ 1800 ಮಿ.ಮೀ. ಎತ್ತರ. ಅಳತೆ ಪೂರ್ತಿ ಒಂದೇ ಅಲ್ಲ. ಮುದ್ರಣಕ್ಕೆ ಹೋಗುವ ಕಾಗದವಾದರೆ ಹೆಸರು ಬದಲಿಸಿ ಸುಮ್ಮನಾಗಬೇಡಿ, ಮೂಲದ ಅಳತೆಯನ್ನೂ ಬರೆಯಿರಿ.

ಇನ್ನು ‘ಪೌತಾ’. ಅರ್ಜೆಂಟೀನಾ, ಕೊಲಂಬಿಯಾ ಕಡೆ ಜಾಹೀರಾತಿಗೆ ಕೊಂಡ ಜಾಗ ಮತ್ತು ಸಮಯ. ‘ಪೌತಾ ಒಫಿಸಿಯಾಲ್’ ಸರ್ಕಾರ ಮಾಧ್ಯಮಗಳಿಗೆ ಕೊಡುವ ಜಾಹೀರಾತು. ಸ್ಪೇನಿನಲ್ಲಿ ಅದಕ್ಕೆ ‘ಪುಬ್ಲಿಸಿದಾದ್ ಇನ್ಸ್‌ತಿತುಸಿಯೊನಾಲ್’, ಅದಕ್ಕೆ 29/2005 ಸಂಖ್ಯೆಯ ಪ್ರತ್ಯೇಕ ಕಾನೂನೇ ಇದೆ. ಎರಡಕ್ಕೂ ಗವರ್ನ್‌ಮೆಂಟ್ ಅಡ್ವರ್ಟೈಸಿಂಗ್ ಅನ್ನಬಹುದು. ಇನ್ಸ್‌ಟಿಟ್ಯೂಶನಲ್ ಅಂದರೆ ಇಂಗ್ಲಿಷ್ ಪಠ್ಯಪುಸ್ತಕದಲ್ಲಿ ಕಂಪನಿ ತನ್ನ ವರ್ಚಸ್ಸಿಗಾಗಿ ಮಾಡುವ ಜಾಹೀರಾತು.

ಹೊಸಕರಡು

ಬಹುಮಾನ ಯೋಜನೆಯ ನಿಯಮಗಳ ಬಗ್ಗೆ ಯಾರಾದರೂ ಹೇಳುತ್ತೀರಾ? ‘ಬಾಸೆಸ್ ಲೆಗಾಲೆಸ್ ದೆಲ್ ಸೊರ್ತೆಯೊ’ ಅಂತ ತಲೆಬರಹ. ಓದುಗರು ಬ್ರಿಟನ್ನಿನಲ್ಲೂ ಇದ್ದಾರೆ, ಅಮೆರಿಕದಲ್ಲೂ ಇದ್ದಾರೆ.

ಕಡತಪ್ರಿಯ

ಹಾಗಾದರೆ ನಿಮಗೆ ಎರಡು ಅನುವಾದ ಬೇಕು. ಇದನ್ನು ಗ್ರಾಹಕರಿಗೆ ಮೊದಲೇ ಹೇಳಿಬಿಡಿ.

‘ಸೊರ್ತೆಯೊ’ ಅಂದರೆ ಚೀಟಿ ಎತ್ತುವುದು, ಅದೃಷ್ಟದ ಆಟ. ‘ಕೊಂಕುರ್ಸೊ’ ಅಂದರೆ ಕೈಚಳಕವೋ ಜಾಣ್ಮೆಯೋ ನೋಡುವ ಸ್ಪರ್ಧೆ. ಸ್ಪ್ಯಾನಿಷ್ ಜಾಹೀರಾತುಗಳಲ್ಲಿ ಎರಡನ್ನೂ ಸಡಿಲವಾಗಿ ಬಳಸುತ್ತಾರೆ. ಇಂಗ್ಲಿಷಿನಲ್ಲಿ ಹಾಗೆ ಬಳಸಿದರೆ ಕಾನೂನು ಹಿಡಿಯುತ್ತದೆ. ಬ್ರಿಟನ್ನಿನಲ್ಲಿ ಸೊರ್ತೆಯೊ ಪ್ರೈಸ್ ಡ್ರಾ, ಅಮೆರಿಕದಲ್ಲಿ ಸ್ವೀಪ್‌ಸ್ಟೇಕ್ಸ್. ಲಾಟರಿ ಅಂತ ಎಲ್ಲೂ ಬರೆಯಬೇಡಿ. ಅಮೆರಿಕದ ಕಾನೂನಿನಲ್ಲಿ ಬಹುಮಾನ, ಅದೃಷ್ಟ, ಹಣ ಅಥವಾ ಅದಕ್ಕೆ ಸಮನಾದ ಪ್ರತಿಫಲ, ಈ ಮೂರೂ ಸೇರಿದರೆ ಲಾಟರಿ, ಖಾಸಗಿ ಕಂಪನಿ ಅದನ್ನು ನಡೆಸುವಂತಿಲ್ಲ. ಅದಕ್ಕೇ ಅಲ್ಲಿನ ನಿಯಮಗಳಲ್ಲಿ ‘ಏನನ್ನೂ ಕೊಳ್ಳಬೇಕಿಲ್ಲ’ ಅನ್ನುವ ಸಾಲು ಮೊದಲಿಗೇ ಬರುವುದು. ಬ್ರಿಟನ್ನಿನಲ್ಲಿ 2005ರ ಗ್ಯಾಂಬ್ಲಿಂಗ್ ಕಾಯ್ದೆ ಪ್ರಕಾರ, ವಸ್ತುವನ್ನು ಅದರ ಮಾಮೂಲಿ ಬೆಲೆಗೆ ಕೊಂಡು ಸೇರುವುದಕ್ಕೆ ಅಡ್ಡಿಯಿಲ್ಲ.

ನಿಮ್ಮ ಮೂಲದಲ್ಲಿ ‘ಕೊಂಡವರು ಮಾತ್ರ ಸೇರಬಹುದು’ ಅಂತಿದ್ದರೆ ಅದನ್ನು ನೀವು ತಿದ್ದಬೇಡಿ. ಇದ್ದದ್ದನ್ನು ಇದ್ದಂತೆ ಅನುವಾದಿಸಿ, ಪಕ್ಕದಲ್ಲಿ ಟಿಪ್ಪಣಿ ಬರೆದು ವಕೀಲರಿಗೆ ತೋರಿಸಲು ಹೇಳಿ. ‘ಬಾಸೆಸ್ ಲೆಗಾಲೆಸ್’ ಲೀಗಲ್ ಬೇಸಸ್ ಅಲ್ಲ. ಬ್ರಿಟನ್ನಿಗೆ ಟರ್ಮ್ಸ್ ಆ್ಯಂಡ್ ಕಂಡಿಶನ್ಸ್, ಅಮೆರಿಕಕ್ಕೆ ಅಫಿಶಿಯಲ್ ರೂಲ್ಸ್. ‘ಆಂತೆ ನೊತಾರಿಯೊ’ ಬಂದರೆ ಸ್ಪ್ಯಾನಿಷ್ ನೋಟರಿ ಅಂತಲೇ ಹೇಳಿ. ಸ್ಪೇನಿನ ನೋಟರಿ ಕಾನೂನು ಓದಿ, ಕಠಿಣ ಪರೀಕ್ಷೆ ಪಾಸಾದ ಅಧಿಕಾರಿ. ಅಮೆರಿಕದ ನೋಟರಿ ಪಬ್ಲಿಕ್ ಸಾಮಾನ್ಯವಾಗಿ ಸಹಿಗೆ ಸಾಕ್ಷಿ ಹಾಕುವವರು.

ರಿಯಾಯಿತಿ ಮಾರಾಟದ ಪದಗಳೂ ಕಾನೂನಿನವೇ. ಸ್ಪೇನಿನ 7/1996 ಸಂಖ್ಯೆಯ ಚಿಲ್ಲರೆ ವ್ಯಾಪಾರ ಕಾನೂನು ಇವನ್ನು ಬೇರೆ ಬೇರೆ ಮಾಡಿಟ್ಟಿದೆ. ‘ರೆಬಾಹಾಸ್’ ಅಂದರೆ ಮೊದಲೇ ಮಾರಾಟಕ್ಕಿದ್ದ ಒಳ್ಳೆಯ ಸರಕನ್ನು ಕಡಿಮೆ ಬೆಲೆಗೆ ಕೊಡುವುದು. ಹಾಳಾದದ್ದನ್ನು ಈ ಹೆಸರಿನಲ್ಲಿ ಮಾರುವಂತಿಲ್ಲ. ಮುಂಚೆ ಇದಕ್ಕೆ ವರ್ಷದಲ್ಲಿ ಎರಡೇ ಕಾಲ ಇತ್ತು, 2012ರಲ್ಲಿ ಆ ಕಟ್ಟು ಸಡಿಲವಾಯಿತು. ‘ಸಾಲ್ದೊಸ್’ ಅಂದರೆ ಹಾಳಾಗಿಯೋ ಹಳತಾಗಿಯೋ ಬೆಲೆ ಕಳೆದುಕೊಂಡ ಸರಕಿನ ಮಾರಾಟ. ‘ಲಿಕಿದಾಸಿಯೋನ್’ ಅಂಗಡಿ ಮುಚ್ಚುವಾಗ, ಜಾಗ ಬದಲಿಸುವಾಗ ಇದ್ದಬದ್ದದ್ದನ್ನೆಲ್ಲ ಖಾಲಿ ಮಾಡುವುದು. ಇಂಗ್ಲಿಷಿನ ಕ್ಲಿಯರೆನ್ಸ್ ಇವೆರಡರ ಮೇಲೂ ಕೂರುತ್ತದೆ. ಬೋರ್ಡಿಗೆ ಅದು ಸಾಕು. ಒಪ್ಪಂದಕ್ಕೆ ಸಾಲದು, ಅಲ್ಲಿ ಬಿಡಿಸಿ ಬರೆಯಬೇಕು.

ಕಾನೂನಿನ ಪದ ಹುಡುಕಲು ನಾನು ನೆಚ್ಚುವುದು ಯೂರ್-ಲೆಕ್ಸ್. ಯುರೋಪಿಯನ್ ಒಕ್ಕೂಟದ ನಿರ್ದೇಶನಗಳನ್ನು ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಅಕ್ಕಪಕ್ಕ ಇಟ್ಟು ಓದಬಹುದು. 2006/114 ನಿರ್ದೇಶನ ತೆಗೆಯಿರಿ: ‘ಪುಬ್ಲಿಸಿದಾದ್ ಎಂಗಾನ್ಯೋಸಾ’ ಎದುರಿಗೆ ಮಿಸ್‌ಲೀಡಿಂಗ್ ಅಡ್ವರ್ಟೈಸಿಂಗ್ ಅಂತ ಕಾಣುತ್ತದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಭಾಷೆಯಲ್ಲಿ ಅದು ಡಿಸೆಪ್ಟಿವ್. ‘ದೆಸ್ಲೆಯಾಲ್’ ಎರಡೂ ಕಡೆ ಅನ್‌ಫೇರ್, ಡಿಸ್‌ಲಾಯಲ್ ಅಲ್ಲ.

ಅಂಗಡಿಸಾಲು

ಒಂದು ಚಿಕ್ಕ ಸೇರ್ಪಡೆ. ‘3x2’ ಅಂದರೆ ಮೂರು ತೆಗೆದುಕೊಂಡು ಎರಡರ ಬೆಲೆ ಕೊಡುವುದು, ತ್ರೀ ಫಾರ್ ಟೂ. ‘2x1’ ಅಂದರೆ ಬೈ ಒನ್ ಗೆಟ್ ಒನ್ ಫ್ರೀ. ಹಾಗೇ ಅಂಕಿಯಲ್ಲಿ ಬಿಟ್ಟರೆ ಇಂಗ್ಲಿಷ್ ಓದುಗರು ಮರದ ಹಲಗೆಯ ಅಳತೆ ಅಂದುಕೊಂಡಾರು. ‘ಪ್ರೊಮೊಸಿಯೋನ್’ ಮನೆ ಮಾರುವ ಕಡತದಲ್ಲಿ ಬಂದರೆ ಅದು ಕಟ್ಟಡ ಯೋಜನೆ, ರಿಯಾಯಿತಿ ಅಲ್ಲವೇ ಅಲ್ಲ. ‘ಕಾಂಪಾನ್ಯಾ ದೆ ನಾವಿದಾದ್’ ಅಂಗಡಿಯವರ ಬಾಯಲ್ಲಿ ಕ್ರಿಸ್‌ಮಸ್ ಸೀಸನ್.

ಹೊಸಕರಡು

ಇಷ್ಟೆಲ್ಲ ಬರೆದಿದ್ದಕ್ಕೆ ನಿಮಗೆಲ್ಲ ತುಂಬಾ ಥ್ಯಾಂಕ್ಸ್. ಉಳಿದಿದ್ದು ಜಾಹೀರಾತು ಸಾಲುಗಳು. ‘ಇಲುಸಿಯೋನ್’ ಮೂರು ಕಡೆ ಬಂದಿದೆ. ‘ಕಾಂಪಾನ್ಯಾ ಸೊಲಿದಾರಿಯಾ’ ಅಂತಲೂ ಇದೆ.

ಸಾಲುಗಾರ್ತಿ

ಸೊಲಿದಾರಿಯಾ ಸುಲಭ: ಚಾರಿಟಿ ಕ್ಯಾಂಪೇನ್. ಸಾಲಿಡಾರಿಟಿ ಅಂದರೆ ಕಾರ್ಮಿಕರ ಮೆರವಣಿಗೆ ನೆನಪಾಗುತ್ತದೆ.

ಇಲುಸಿಯೋನ್ ನನಗೆ ತುಂಬಾ ಇಷ್ಟದ ಪದ, ಅಷ್ಟೇ ಕಾಡುವ ಪದವೂ ಹೌದು. ಇಂಗ್ಲಿಷಿನ ಇಲ್ಯೂಷನ್‌ನ ಭ್ರಮೆ ಇಲ್ಲಿಲ್ಲ. ಬರಲಿರುವ ಒಳ್ಳೆಯದನ್ನು ನೆನೆದು ಈಗಲೇ ಹಿಗ್ಗುವುದು ಇಲುಸಿಯೋನ್. ಹಬ್ಬದ ಹಿಂದಿನ ರಾತ್ರಿ ಮಕ್ಕಳಿಗೆ ಆಗುತ್ತದಲ್ಲ, ಅದು. ಸ್ಪೇನಿನ ಕ್ರಿಸ್‌ಮಸ್ ಜಾಹೀರಾತುಗಳ ಜೀವಾಳವೇ ಇದು. ಇಂಗ್ಲಿಷಿನಲ್ಲಿ ಒಂದೇ ಪದ ಹುಡುಕಬೇಡಿ. ಎಕ್ಸೈಟ್‌ಮೆಂಟ್, ಹೋಪ್, ಮ್ಯಾಜಿಕ್, ಇವುಗಳಲ್ಲಿ ಆ ಸಾಲಿಗೆ ಯಾವುದು ಕೂರುತ್ತದೋ ನೋಡಿ. ಮೂರು ಕಡೆ ಮೂರು ಬೇರೆ ಪದ ಬಂದರೂ ತಪ್ಪಿಲ್ಲ. ಮಾರ್ಕೆಟಿಂಗ್ ಪ್ಲಾನಿನಲ್ಲಿ ಒಂದು ಪದಕ್ಕೆ ಒಂದೇ ಪದ ಅನ್ನುವ ಶಿಸ್ತು ಬೇಕು. ಜಾಹೀರಾತು ಸಾಲಿನಲ್ಲಿ ಅದೇ ಶಿಸ್ತು ಸಾಲನ್ನು ಕೊಲ್ಲುತ್ತದೆ.

ಸ್ಪ್ಯಾನಿಷ್ ಜಾಹೀರಾತು ‘ತೂ’ ಅನ್ನುತ್ತಾ ಸಲಿಗೆಯಿಂದ ಮಾತಾಡುತ್ತಿದೆಯೋ, ‘ಉಸ್ತೆದ್’ ಅನ್ನುತ್ತಾ ಮರ್ಯಾದೆ ಕೊಡುತ್ತಿದೆಯೋ ಗಮನಿಸಿ. ಇಂಗ್ಲಿಷಿನಲ್ಲಿ ಎರಡಕ್ಕೂ ಯೂ. ಆ ಸಲಿಗೆ ಬೇರೆ ಕಡೆಯಿಂದ ಬರಬೇಕು: ಚಿಕ್ಕ ವಾಕ್ಯದಿಂದ, ಮನೆಮಾತಿನಿಂದ. ‘ಎಕ್ಸೆಲೆಂತೆ ರೆಲಾಸಿಯೋನ್ ಕಾಲಿದಾದ್-ಪ್ರೆಸಿಯೊ’ ಬಂದರೆ ಗುಣಮಟ್ಟಕ್ಕೂ ಬೆಲೆಗೂ ಇರುವ ಸಂಬಂಧ ಅಂತೆಲ್ಲ ಎಳೆಯದೆ ಗ್ರೇಟ್ ವ್ಯಾಲ್ಯೂ ಅಂದುಬಿಡಿ. ‘ದಿಸ್ಫ್ರುತಾ’ ಪ್ರತಿ ಸಾಲಿನಲ್ಲೂ ಬರುತ್ತದೆ. ಪ್ರತಿ ಸಲ ಎಂಜಾಯ್ ಅಂದರೆ ಓದುಗರಿಗೆ ಸುಸ್ತಾಗುತ್ತದೆ. ಕೆಲವು ಕಡೆ ಬಿಟ್ಟೇಬಿಡಿ.

ಹೊಸಕರಡು

ಬಿಟ್ಟರೆ ಗ್ರಾಹಕರು ‘ಒಂದು ಪದ ಕಾಣೆಯಾಗಿದೆ’ ಅನ್ನುವುದಿಲ್ಲವೇ? ಮತ್ತೆ, ಈ ಸಾಲುಗಳಿಗೂ ಪದಕ್ಕೆ ಇಷ್ಟು ಅಂತಲೇ ದರ ಹೇಳಬೇಕೇ?

ಸಾಲುಗಾರ್ತಿ

ಅನ್ನುತ್ತಾರೆ. ಅದಕ್ಕೆ ಒಂದೊಂದು ಸಾಲಿಗೂ ಎರಡು ಮೂರು ಆಯ್ಕೆ ಕೊಡಿ. ಪ್ರತಿಯೊಂದರ ಕೆಳಗೆ ಅದರ ಅರ್ಥವನ್ನು ಸ್ಪ್ಯಾನಿಷ್‌ಗೆ ನೇರವಾಗಿ ತಿರುಗಿಸಿ ಬರೆಯಿರಿ, ಯಾಕೆ ಹಾಗೆ ಮಾಡಿದಿರಿ ಅಂತ ಒಂದು ಸಾಲು ಹಾಕಿ. ಇಂಗ್ಲಿಷ್ ಅಷ್ಟಾಗಿ ಬಾರದ ಮ್ಯಾನೇಜರ್ ಕೂಡ ಅದನ್ನು ನೋಡಿ ತೀರ್ಮಾನಿಸಬಹುದು. ಇದಕ್ಕೆ ಟ್ರಾನ್ಸ್‌ಕ್ರಿಯೇಶನ್ ಅನ್ನುತ್ತಾರೆ. ಪ್ಲಾನಿಗೂ ನಿಯಮಗಳಿಗೂ ಪದದ ಲೆಕ್ಕ ಇರಲಿ, ಈ ಸಾಲುಗಳಿಗೆ ಗಂಟೆಯ ಲೆಕ್ಕದಲ್ಲಿ ದರ ಹೇಳಿ. ನಾಲ್ಕು ಪದದ ಸಾಲಿಗೆ ಅರ್ಧ ದಿನ ಹಿಡಿಯುತ್ತದೆ. ಅದನ್ನು ಕೆಲಸ ಒಪ್ಪಿಕೊಳ್ಳುವ ಮೊದಲೇ ಮೇಲ್‌ನಲ್ಲಿ ಬರೆದುಬಿಡಿ.